ಖಿನ್ನತೆಯ ಮಾತ್ರೆ ಯಾರಿಗೆ ಹಿಡಿಯುತ್ತದೆ? ತೆಂಗಿನ ಸೀಮೆಯಿಂದ ಒಂದು ವಿಚಾರ

ಖಿನ್ನತೆಯ ಮಾತ್ರೆ ಒಬ್ಬರಿಗೆ ಹಿಡಿದು ಇನ್ನೊಬ್ಬರಿಗೆ ಹಿಡಿಯದಿದ್ದರೆ ಕಾರಣವನ್ನು ರೋಗಿಯಲ್ಲೇ ಹುಡುಕುವುದು ರೂಢಿ. ಅಮೆರಿಕದ ಸ್ಟಾರ್-ಡಿ ಅಧ್ಯಯನದ 2006ರ ವರದಿಯ ಪ್ರಕಾರ, ಸಿಟಲೋಪ್ರಾಮ್ ಎಂಬ ಮಾತ್ರೆ ಪಡೆದ 2,876 ಮಂದಿಯಲ್ಲಿ ಮೊದಲ ಹಂತದಲ್ಲೇ ಪೂರ್ತಿ ಚೇತರಿಸಿಕೊಂಡವರು ಮೂರನೇ ಒಂದು ಭಾಗದಷ್ಟು. ಉದ್ಯೋಗ, ಓದು, ವರಮಾನ ಇದ್ದವರಲ್ಲಿ ಫಲ ಹೆಚ್ಚು. ಕಾಯಿಲೆ ಬಹುಕಾಲ ಎಳೆದವರಲ್ಲಿ, ಆತಂಕವೋ ಬೇರೆ ದೈಹಿಕ ರೋಗವೋ ಜೊತೆಗಿದ್ದವರಲ್ಲಿ ಕಡಿಮೆ. ಅಧ್ಯಯನದ ಕೋಷ್ಟಕದಲ್ಲಿ ಇವೆಲ್ಲ 'ರೋಗಿಯ ಲಕ್ಷಣ'ಗಳು. ಇವುಗಳಲ್ಲಿ ಹಲವು ಮನೆಯ ಮತ್ತು ಊರಿನ ಸ್ಥಿತಿಗತಿಗಳು ಎಂಬುದು ನನ್ನ ವಾದ.

ಉದ್ಯೋಗವನ್ನೇ ನೋಡಿ. ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಸುತ್ತಿನ ತೋಟದ ಮನೆಗಳಲ್ಲಿ ವರ್ಷದ ದುಡಿಮೆ ಅಟ್ಟದ ಮೇಲಿರುತ್ತದೆ. ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಅಂಥ ವರ್ಷ ಸಾಲದ ಕಂತು ಕಟ್ಟಲಾಗದ ರೈತನ ಹೆಸರಿನ ಮುಂದೆ 'ಉದ್ಯೋಗವಿದೆ' ಎಂದು ಗುರುತು ಹಾಕಿದರೆ ಅವನ ಬಗ್ಗೆ ಏನು ತಿಳಿದಂತಾಯಿತು?

ಮಾತ್ರೆಯ ಸ್ವಭಾವವೂ ಇಲ್ಲಿ ಮುಖ್ಯ. ಎಸ್ಸಿಟಲೋಪ್ರಾಮ್, ಫ್ಲುಆಕ್ಸೆಟೀನ್‌ಗಳ ವಾಕರಿಕೆ, ಚಡಪಡಿಕೆ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತವೆ. ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ. ಅಮಿಟ್ರಿಪ್ಟಿಲೀನ್ ತೆಗೆದುಕೊಂಡವರಿಗೆ ಬಾಯಿ ಒಣಗುತ್ತದೆ. ಕೂತವರು ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಮರ ಹತ್ತಿ ಕಾಯಿ ಕೆಡವುವವರಿಗೆ ಇದು ಜೀವದ ಪ್ರಶ್ನೆ. ಕೂಲಿ ತಪ್ಪಬಾರದೆಂದು ಅವರು ಮಾತ್ರೆ ಬಿಟ್ಟರೆ, 'ಔಷಧಕ್ಕೆ ಸ್ಪಂದಿಸಲಿಲ್ಲ' ಎಂದು ಬರೆಯುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಮೈಯೊಳಗಿನ ಕಾರಣಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ಥೈರಾಯ್ಡ್ ಕೊರತೆ, ಕುಡಿತ, ಗುರುತಿಸದೆ ಉಳಿದ ಬೈಪೋಲಾರ್ ಕಾಯಿಲೆ ಚಿಕಿತ್ಸೆಯನ್ನು ದಾರಿ ತಪ್ಪಿಸುತ್ತವೆ. ಎಸ್ಸಿಟಲೋಪ್ರಾಮನ್ನು ಕರಗಿಸುವ ಸಿವೈಪಿ2ಸಿ19 ಕಿಣ್ವ ಮಂದವಾಗಿರುವವರು ಯುರೋಪಿಗಿಂತ ನಮ್ಮಲ್ಲಿ ಹೆಚ್ಚು. ಅವರಿಗೆ ಸಾಮಾನ್ಯ ಪ್ರಮಾಣವೇ ಭಾರವಾಗಬಹುದು.

ಇನ್ನು ಕಾಯಿಲೆ ಎಳೆಯುವ ವಿಚಾರ. ಇಲ್ಲಿಯ ಜನ 'ಬೇಜಾರು' ಎಂದು ಡಾಕ್ಟರ ಬಳಿ ಹೋಗುವುದು ಅಪರೂಪ. 'ಸುಸ್ತು, ಎದೆ ಢವಢವ, ನಿದ್ದೆ ಹತ್ತಲ್ಲ' ಎನ್ನುತ್ತಾರೆ. ಶಕ್ತಿಯ ಇಂಜೆಕ್ಷನ್, ಗ್ಲೂಕೋಸ್ ಬಾಟಲಿಗಳಲ್ಲೇ ತಿಂಗಳುಗಳು ಕಳೆಯುತ್ತವೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ತಡವಾಗಿ ಬಂದವರಲ್ಲಿ ಫಲ ಕಡಿಮೆಯಾದರೆ ಆ ತಡವನ್ನು ರೋಗಿಯ ಲೆಕ್ಕಕ್ಕೆ ಬರೆಯುವುದು ಹೇಗೆ?

ಇದನ್ನು ಸರಿಪಡಿಸಲು ಬೇಕಾದ ನೆಲೆ ಹತ್ತಿರದಲ್ಲೇ ಇದೆ. ಪಕ್ಕದ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಸಮುದಾಯ ಕಾರ್ಯಕ್ರಮ ನಡೆಸಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್‌ಗಳಿವೆ. ಆ ಕ್ಲಿನಿಕ್‌ಗಳ ಚೀಟಿಯಲ್ಲಿ ರೋಗಿಯ ಕೆಲಸ ಯಾವುದು, ಮರ ಹತ್ತುತ್ತಾರೆಯೇ, ಮೊದಲ ವಾರ ಏನೇನು ತೊಂದರೆಯಾಯಿತು, ಮಾತ್ರೆ ಬಿಟ್ಟದ್ದು ಯಾವ ದಿನ, ಏಕೆ ಎಂಬುದನ್ನು ಬರೆದಿಡಬೇಕು. ಎರಡನೇ ವಾರ ಆಶಾ ಕಾರ್ಯಕರ್ತೆ ಒಮ್ಮೆ ಮನೆಗೆ ಹೋಗಿ ವಿಚಾರಿಸಬೇಕು. ಈ ಸೀಮೆಯಲ್ಲಿ ಯಾರಿಗೆ ಮಾತ್ರೆ ನಿಜಕ್ಕೂ ಹಿಡಿಯಲಿಲ್ಲ, ಯಾರಿಗೆ ಅದನ್ನು ಮುಂದುವರಿಸಲಾಗಲಿಲ್ಲ ಎಂದು ಆಗ ಬೇರೆಬೇರೆಯಾಗಿ ಎಣಿಸಬಹುದು.