ಐಚ್ಛಿಕ

ಸಂಸ್ಕೃತದ ‘ಇಚ್ಛಾ’ ಪದಕ್ಕೆ ‘ಇಕ’ ಪ್ರತ್ಯಯ ಸೇರಿ, ಮೊದಲ ಸ್ವರ ವೃದ್ಧಿಯಾಗಿ ಬಂದ ರೂಪ. ‘ದಿನ’ ‘ದೈನಿಕ’ವಾದ ಹಾಗೆ. ನಮ್ಮ ಪದವಿ ಕಾಲೇಜುಗಳಲ್ಲಿ ‘ಐಚ್ಛಿಕ ಕನ್ನಡ’ ಎಂದರೆ ಭಾಷಾ ಪಾಠದಿಂದಾಚೆಗೆ, ಮುಖ್ಯ ವಿಷಯವಾಗಿ ಓದುವ ಕನ್ನಡ. ಬಹುಕಾಲ ಅದು ಇತಿಹಾಸ, ಅರ್ಥಶಾಸ್ತ್ರದೊಡನೆ ‘ಎಚ್‌ಇಕೆ’ಯಂಥ ಸಿದ್ಧ ಕಟ್ಟುಗಳಲ್ಲೇ ಸಿಗುತ್ತಿತ್ತು. ಇಚ್ಛೆ ಹೆಚ್ಚುಪಾಲು ಕಾಲೇಜಿನದೇ ಅನ್ನಿ!

ಮಲಯಾಳಂನಲ್ಲಿ ಈ ಪದ ‘ಐಚ್ಛಿಕಂ’. ಕೇರಳದಲ್ಲಿ ನಾಲ್ಕು ವರ್ಷದ ಪದವಿ 2024ರ ಜುಲೈ 1ರಂದು ಶುರುವಾಯಿತು. ಈಗ ತಿರುವನಂತಪುರದ ಯೂನಿವರ್ಸಿಟಿ ಕಾಲೇಜಿನಲ್ಲಾಗಲಿ ಕೊಚ್ಚಿಯ ಮಹಾರಾಜಾಸ್‌ನಲ್ಲಾಗಲಿ ಹುಡುಗರ ಬಾಯಲ್ಲಿ ಈ ಪದಕ್ಕಿಂತ ಮೇಜರ್, ಮೈನರ್‌ಗಳದೇ ಮಾತು. ಮೇಜರ್ ಎಂಬ ಮುಖ್ಯ ವಿಷಯ ಒಂದು ವಿಭಾಗದ್ದು, ಮೈನರ್ ಎಂಬ ಪೂರಕ ವಿಷಯ ಇನ್ನೊಂದರದ್ದು. ಮೂರನೇ ವರ್ಷಕ್ಕೇ ಪದವಿ ಪಡೆದು ಹೊರಡಲೂಬಹುದು. ಕರ್ನಾಟಕವಾದರೋ 2024ರಲ್ಲೇ ನಾಲ್ಕು ವರ್ಷದ ಪದವಿ ಬಿಟ್ಟು ಮೂರಕ್ಕೆ ಮರಳಿತು.

ಬರೆಯುವಾಗ ‘ಐಚ್ಛೀಕ’ ಎಂದು ದೀರ್ಘ ಬೇಡ.