ಮಗಳೂ ಹೌದು, ತಾಯಿಯೂ ಹೌದು, ರಾಣಿ ಮಾತ್ರ ಅಲ್ಲ (ಭಾಗ 2)

ಇಂಗ್ಲೆಂಡ್ ರಾಜರ ಪಟ್ಟಿ ಬಾಯಿಪಾಠ ಮಾಡುವಾಗ ನಾನು ಒಂದು ಕಡೆ ಯಾವಾಗ್ಲೂ ಎಡವುತ್ತಿದ್ದೆ. ಒಂದನೇ ಹೆನ್ರಿ, ಸ್ಟೀಫನ್, ಎರಡನೇ ಹೆನ್ರಿ. ಸ್ಟೀಫನ್ ಮೊದಲನೆಯವನ ಮಗ ಅಲ್ಲ. ಎರಡನೇ ಹೆನ್ರಿ ಸ್ಟೀಫನ್‌ನ ಮಗ ಅಲ್ಲ. ಮತ್ತೆ ಸಿಂಹಾಸನ ಕೈಯಿಂದ ಕೈಗೆ ಹೋಗಿದ್ದು ಹೇಗೆ?

ಪಟ್ಟಿಯಲ್ಲಿ ಹೆಸರೇ ಇಲ್ಲದ ಇಬ್ಬರು ಹೆಂಗಸರಿಂದ.

ಮೊದಲನೆಯವಳು ಅಡೆಲಾ. 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂನ ಮಗಳು, ಒಂದನೇ ಹೆನ್ರಿಯ ಸೋದರಿ. ಮದುವೆಯಾಗಿದ್ದು ಫ್ರಾನ್ಸ್‌ನ ಬ್ಲೋವಾ ಸೀಮೆಯ ಒಡೆಯನನ್ನ. ಗಂಡ ಮೊದಲನೇ ಧರ್ಮಯುದ್ಧಕ್ಕೆ ಹೋದಾಗ ಸೀಮೆಯ ಆಡಳಿತವನ್ನೆಲ್ಲ ನೋಡಿಕೊಂಡವಳು ಇವಳೇ. ಇವಳ ಮಗನೇ ಸ್ಟೀಫನ್.

ಎರಡನೆಯವಳು ಮಟಿಲ್ಡಾ, ಒಂದನೇ ಹೆನ್ರಿಯ ಮಗಳು. ಅಂದ್ರೆ ಸ್ಟೀಫನ್ ಇವಳಿಗೆ ಸೋದರತ್ತೆ ಮಗ. ಎಂಟು ವರ್ಷಕ್ಕೇ ಇವಳನ್ನ ಜರ್ಮನಿಗೆ ಕಳಿಸಿದ್ರು. ಅಲ್ಲಿ ಚಕ್ರವರ್ತಿ ಐದನೇ ಹೆನ್ರಿಯ ಹೆಂಡತಿಯಾಗಿ ಸಾಮ್ರಾಜ್ಞಿ ಅನ್ನಿಸಿಕೊಂಡಳು. ಹುಟ್ಟಿದ ದೇಶದ ಕಿರೀಟ ಮಾತ್ರ ಸಿಗಲಿಲ್ಲ.

1120ರ ನವೆಂಬರ್ 25ರ ರಾತ್ರಿ 'ವೈಟ್ ಶಿಪ್' ಅನ್ನೋ ಹಡಗು ಮುಳುಗಿ ಮಟಿಲ್ಡಾಳ ತಮ್ಮ, ಯುವರಾಜ ವಿಲಿಯಂ ಸತ್ತ. (ಅದೇ ಹಡಗು ಹತ್ತಿದ್ದ ಸ್ಟೀಫನ್ ಹೊರಡೋ ಮೊದಲೇ ಇಳಿದುಬಿಟ್ಟಿದ್ದ!) ರಾಜನಿಗೆ ಉಳಿದ ಧರ್ಮಪತ್ನಿಯ ಸಂತಾನ ಮಟಿಲ್ಡಾ ಒಬ್ಬಳೇ. 1125ರಲ್ಲಿ ಅವಳ ಗಂಡನೂ ತೀರಿಕೊಂಡಾಗ ಅಪ್ಪ ವಾಪಸ್ ಕರೆಸಿಕೊಂಡ. 1127ರಲ್ಲಿ ದೊಡ್ಡ ದೊಡ್ಡ ಸರದಾರರ ಕೈಲಿ ಆಣೆ ಮಾಡಿಸಿದ: ನನಗೆ ಗಂಡುಮಗು ಹುಟ್ಟದಿದ್ದರೆ ಇವಳೇ ವಾರಸುದಾರಳು. ಆಣೆ ಮಾಡಿದವರಲ್ಲಿ ಸ್ಟೀಫನ್ ಕೂಡ ಇದ್ದ.

1135ರ ಡಿಸೆಂಬರ್ 1ಕ್ಕೆ ಹೆನ್ರಿ ಸತ್ತ. ಎರಡನೇ ಮದುವೆಯಾಗಿದ್ದ ಮಟಿಲ್ಡಾ ಆಗ ಇಂಗ್ಲೆಂಡ್‌ನಲ್ಲಿರಲಿಲ್ಲ, ಮೇಲಾಗಿ ಮೂರನೇ ಮಗುವಿನ ಗರ್ಭಿಣಿ. ಸ್ಟೀಫನ್ ಸಮುದ್ರ ದಾಟಿ ಓಡಿಬಂದು ಮೂರೇ ವಾರದಲ್ಲಿ ಕಿರೀಟ ಹಾಕಿಸಿಕೊಂಡ. ಆಣೆ ಗಾಳಿಗೆ ಹೋಯ್ತು.

ಅವಳು ಸುಮ್ಮನೆ ಕೂರಲಿಲ್ಲ. 1139ರಲ್ಲಿ ಇಂಗ್ಲೆಂಡ್‌ಗೆ ಬಂದಿಳಿದಳು. 1141ರ ಫೆಬ್ರವರಿಯಲ್ಲಿ ಲಿಂಕನ್ ಯುದ್ಧದಲ್ಲಿ ಅವಳ ಕಡೆಯವರು ಸ್ಟೀಫನ್‌ನನ್ನೇ ಸೆರೆಹಿಡಿದರು. 'ಇಂಗ್ಲಿಷರ ಒಡತಿ' ಅನ್ನೋ ಬಿರುದೂ ಸಿಕ್ತು. ಕಿರೀಟ ಇಡೋದೊಂದೇ ಬಾಕಿ. ಆದರೆ ಲಂಡನ್ ಜನರ ಹತ್ತಿರ ದುಡ್ಡಿಗಾಗಿ ಪಟ್ಟು ಹಿಡಿದಳು, ಅವರು ತಿರುಗಿಬಿದ್ದು ಜೂನ್‌ನಲ್ಲಿ ಊರಿನಿಂದಲೇ ಓಡಿಸಿದರು. ತಪ್ಪು ಅವಳದೂ ಇತ್ತು. ಆದ್ರೆ ಅಂದಿನ ಬರಹಗಾರರು ಅವಳನ್ನ 'ಸೊಕ್ಕಿನವಳು' ಅಂದ ಹಾಗೆ, ಅದಕ್ಕಿಂತ ಎಷ್ಟೋ ಕಠಿಣವಾಗಿದ್ದ ಅವಳ ಅಪ್ಪನನ್ನ ಅನ್ನಲಿಲ್ಲ. ಅವನು 'ಗಟ್ಟಿ ರಾಜ'.

1142ರ ಚಳಿಗಾಲದಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ಸಿಕ್ಕಿಬಿದ್ದಾಗ ಹಿಮದಲ್ಲಿ ಕಾಣಿಸದ ಹಾಗೆ ಬಿಳಿ ಬಟ್ಟೆ ಹೊದ್ದು ರಾತ್ರೋರಾತ್ರಿ ತಪ್ಪಿಸಿಕೊಂಡಳು. ಕೊನೆಗೆ 1148ರಲ್ಲಿ ನಾರ್ಮಂಡಿಗೆ ಹೊರಟುಹೋದಳು. 1153ರಲ್ಲಿ ರಾಜಿ ಆಯ್ತು: ಸ್ಟೀಫನ್ ನಂತರ ಮಟಿಲ್ಡಾಳ ಮಗ. ಮರುವರ್ಷ ಡಿಸೆಂಬರ್ 19ಕ್ಕೆ ಅವನು ಎರಡನೇ ಹೆನ್ರಿಯಾದ.

ಈಗ ಒಂದು ಸಲ ಹಿಂದೆ ತಿರುಗಿ ನೋಡಿ. ಸ್ಟೀಫನ್‌ಗೆ ಹಕ್ಕು ಬಂದಿದ್ದು ಅಮ್ಮನಿಂದ. ಎರಡನೇ ಹೆನ್ರಿಗೂ ಅಮ್ಮನಿಂದಲೇ. ಹೆಣ್ಣಿನ ಮೂಲಕ ಸಿಂಹಾಸನ ದಾಟಿ ಹೋಗಬಹುದು, ಹೆಣ್ಣು ಮಾತ್ರ ಅದರ ಮೇಲೆ ಕೂರಬಾರದು. ಸೇತುವೆ ಬೇಕು, ಆದ್ರೆ ಸೇತುವೆಗೆ ಹೆಸರು ಬೇಡ!

1167ರಲ್ಲಿ ಮಟಿಲ್ಡಾ ತೀರಿಕೊಂಡಳು. ಸಮಾಧಿಯ ಬರಹದಲ್ಲೂ ಅವಳ ಪರಿಚಯ ಅಪ್ಪ, ಗಂಡ, ಮಗ ಈ ಮೂವರು ಹೆನ್ರಿಗಳ ಲೆಕ್ಕದಲ್ಲೇ. ಅಷ್ಟು ವರ್ಷ ಅವಳೇ ಮಾಡಿದ ಹೋರಾಟ?

ಮುಂದಿನ ಭಾಗದಲ್ಲಿ ಸೋಫಿಯಾ: ರಾಜನ ಮಗಳು, ರಾಜನ ತಾಯಿ, 1714ರಲ್ಲಿ ಎರಡು ತಿಂಗಳೂ ಇಲ್ಲದ ಅಂತರದಲ್ಲಿ ಸಿಂಹಾಸನ ತಪ್ಪಿಸಿಕೊಂಡವಳು.

ಅಲ್ಲಿವರೆಗೆ ಒಂದು ಪ್ರಶ್ನೆ. ನಿಮ್ಮ ಮುತ್ತಾತನ ಹೆಸರು ಗೊತ್ತಿರಬಹುದು. ನಿಮ್ಮ ಅಜ್ಜಿಯ ಅಮ್ಮನ ಹೆಸರು? ಗೊತ್ತಿಲ್ಲದಿದ್ರೆ ಇವತ್ತೇ ಮನೆಯಲ್ಲಿ ಕೇಳಿ, ಕಾಮೆಂಟ್‌ನಲ್ಲಿ ಬರೀರಿ.

#ಇತಿಹಾಸ #ಪಟ್ಟಿಯಲ್ಲಿಲ್ಲದವರು #ಮಟಿಲ್ಡಾ