ಆಹಾರದ ಕೃತಕ ಬಣ್ಣ ಮತ್ತು ಪುರುಷರ ಫಲವತ್ತತೆ: ಗಿಡಮೂಲಿಕೆ ಕಾಪಾಡುತ್ತದೆಯೇ?

ಗೋಬಿ ಮಂಚೂರಿಯ ಕೆಂಪು ಬಣ್ಣ, ಪ್ಯಾಕೆಟ್ ತಿಂಡಿಯ ರುಚಿವರ್ಧಕಗಳಿಂದ ವೀರ್ಯಾಣು ಕಡಿಮೆಯಾಗುತ್ತದೆಯೇ? ಅಶ್ವಗಂಧ ತೆಗೆದುಕೊಂಡರೆ ಆ ಹಾನಿ ತಪ್ಪುತ್ತದೆಯೇ? ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಈ ಪ್ರಶ್ನೆಗಳು ನಿಮ್ಮನ್ನೂ ಕಾಡಿರಬಹುದು.

ಹಾನಿ ಎಷ್ಟು ನಿಜ?

ಟಾರ್ಟ್ರಜಿನ್ ಎಂಬ ಹಳದಿ ಬಣ್ಣ (ಲೇಬಲ್‌ನಲ್ಲಿ 102) ಮತ್ತು ಅಜಿನೊಮೊಟೊ ಎಂದೇ ಪರಿಚಿತವಾದ ಮೋನೋಸೋಡಿಯಂ ಗ್ಲುಟಮೇಟ್ (621) ಅನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಕುಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ, ನಾವು ತಿನ್ನುವ ಪ್ರಮಾಣದಲ್ಲಿ, ಇದು ಸಾಬೀತಾಗಿಲ್ಲ.

ಹೆಚ್ಚು ಎಚ್ಚರ ಬೇಕಿರುವುದು ಆಹಾರಕ್ಕೆ ಅನುಮತಿಯೇ ಇಲ್ಲದ ರೋಡಮೈನ್-ಬಿ, ಮೆಟಾನಿಲ್ ಯೆಲ್ಲೋದಂಥ ಬಣ್ಣಗಳ ಬಗ್ಗೆ. ರೋಡಮೈನ್-ಬಿ ಪತ್ತೆಯಾದ ಕಾರಣ 2024ರಲ್ಲಿ ತಮಿಳುನಾಡು ಕಾಟನ್ ಕ್ಯಾಂಡಿ ಮಾರಾಟವನ್ನೇ ನಿಷೇಧಿಸಿತು. ಕರ್ನಾಟಕವು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು.

ಗಿಡಮೂಲಿಕೆಗಳ ಮಾತೇನು?

ಬಣ್ಣ, ರುಚಿವರ್ಧಕಗಳ ಹಾನಿಯನ್ನು ಮೂಲಿಕೆಗಳು ತಗ್ಗಿಸಿದ್ದು ಕಂಡಿರುವುದೂ ಮುಖ್ಯವಾಗಿ ಇಲಿಗಳಲ್ಲೇ. 2013ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ, ವೀರ್ಯಾಣು ಕಡಿಮೆಯಿದ್ದ 46 ಪುರುಷರ ಪೈಕಿ ಕೆಲವರಿಗೆ 90 ದಿನ ಅಶ್ವಗಂಧ ಬೇರಿನ ಸಾರ ಕೊಟ್ಟಾಗ ಸಂಖ್ಯೆ ಏರಿತು. ಫಲಿತಾಂಶ ಆಶಾದಾಯಕ, ಆದರೆ ಅಧ್ಯಯನ ಚಿಕ್ಕದು. ಅದು ಆಹಾರದ ಬಣ್ಣದ ಹಾನಿಯನ್ನು ಪರೀಕ್ಷಿಸಿದ್ದೂ ಅಲ್ಲ. ಮೂಲಿಕೆ ತಿನ್ನುತ್ತಾ ಬಣ್ಣದ ತಿಂಡಿಯನ್ನೂ ಮುಂದುವರಿಸಬಹುದು ಎನ್ನುವುದಕ್ಕೆ ಆಧಾರವಿಲ್ಲ.

ಕೊಳ್ಳುವ ಮುನ್ನ ಗಮನಿಸಿ

• ಅಶ್ವಗಂಧ: ಥೈರಾಯ್ಡ್, ಸಕ್ಕರೆ ಕಾಯಿಲೆ ಅಥವಾ ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು. ಅಪರೂಪಕ್ಕೆ ಯಕೃತ್ತಿಗೂ ತೊಂದರೆಯಾಗಿದೆ. ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ.
• ನಸುಗುನ್ನಿ ಬೀಜ: ಇದರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಇದೆ. ಆ ಮಾತ್ರೆ ನುಂಗುವವರಿಗೆ ಡೋಸ್ ಹೆಚ್ಚಾಗಬಹುದು.
• ಲೇಬಲ್ ಇಲ್ಲದ ‘ಶಕ್ತಿವರ್ಧಕ’ ಪುಡಿ: ಇಂಥವುಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಪತ್ತೆಯಾಗಿದೆ. ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರ ರಕ್ತದೊತ್ತಡ ಇದರಿಂದ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಮೊದಲು ಏನು ಮಾಡಬೇಕು?

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಪತ್ನಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಪತ್ನಿಗೆ ಮಾತ್ರ ಪರೀಕ್ಷೆ ಮಾಡಿಸಿ ಸುಮ್ಮನಾಗಬೇಡಿ. ವೀರ್ಯ ಪರೀಕ್ಷೆ ಸರಳ, ನೋವಿಲ್ಲದ್ದು. ಅದಕ್ಕೆ ಮುನ್ನ 2ರಿಂದ 7 ದಿನ ವೀರ್ಯ ಸ್ಖಲನವಾಗಿರಬಾರದು. ಸಂಖ್ಯೆ ಕಡಿಮೆಯಾಗಲು ವೆರಿಕೋಸೀಲ್ (ವೃಷಣದ ರಕ್ತನಾಳಗಳ ಊತ) ಅಥವಾ ಜಿಮ್‌ನಲ್ಲಿ ಚುಚ್ಚಿಸಿಕೊಂಡ ಟೆಸ್ಟೋಸ್ಟೆರಾನ್ ಕಾರಣವಿದ್ದರೆ ಯಾವ ಚೂರ್ಣವೂ ಅದನ್ನು ಸರಿಪಡಿಸದು.

ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ತಂಬಾಕು, ಮದ್ಯ ಬಿಟ್ಟು, ಬಣ್ಣದ ತಿಂಡಿ ತಗ್ಗಿಸಿದ ಫಲ ಮರುವಾರವೇ ಕಾಣದು. ಮೂರು ತಿಂಗಳು ಪಟ್ಟು ಹಿಡಿಯಿರಿ. ಆದರೆ ಆ ನೆಪದಲ್ಲಿ ಪರೀಕ್ಷೆಯನ್ನು ಮುಂದೂಡಬೇಡಿ. ಈಗಾಗಲೇ ಯಾವುದಾದರೂ ಪುಡಿ, ಲೇಹ್ಯ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ಡಬ್ಬಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ.